ಹೆಸರು ಆಮೇಲೆ, ಮೊದಲು ಊರು ಹೇಳಿ

ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ನನಗೆ ಫೋಟೋಗಳು ಬರುತ್ತಲೇ ಇರುತ್ತವೆ. ಅಂಗೈ ಮೇಲೆ ಕಲ್ಲಾಗಿರುವ ಒಂದು ಚಿಪ್ಪು. ಜೊತೆಗೆ ಎರಡೇ ಮಾತು: 'ಇದೇನು ಸಾರ್?' ಎಲ್ಲಿ ಸಿಕ್ಕಿತು ಅಂತ ಮಾತ್ರ ಇರುವುದಿಲ್ಲ. ಆದರೂ ಗುಂಪಿನಲ್ಲಿ ಯಾರಾದರೊಬ್ಬರು ಐದು ನಿಮಿಷದೊಳಗೆ ಉದ್ದದ ಲ್ಯಾಟಿನ್ ಹೆಸರು ಹೇಳಿಬಿಡುತ್ತಾರೆ. ನನ್ನ ತಕರಾರು ಅಲ್ಲೇ ಇರುವುದು. ಊರು ಗೊತ್ತಿಲ್ಲದೆ ಹೇಳಿದ ಹೆಸರು ಬರೀ ಊಹೆ.

ನಮ್ಮ ನೆಲವನ್ನೇ ನೋಡಿ. ನಂದಿಬೆಟ್ಟ, ಕೋಲಾರದ ಬಂಡೆಗಳು ಸುಮಾರು 250 ಕೋಟಿ ವರ್ಷದವು, ಕೆಲವು ಇನ್ನೂ ಹಳೆಯವು. ಚಿಪ್ಪಿನ ಪ್ರಾಣಿಗಳು ಭೂಮಿಗೆ ಬಂದಿದ್ದು ಹೆಚ್ಚೂಕಡಿಮೆ 54 ಕೋಟಿ ವರ್ಷದ ಹಿಂದೆ. ಅಂದಮೇಲೆ ಈ ಬಂಡೆಯೊಳಗೆ ಚಿಪ್ಪು ಎಲ್ಲಿಂದ ಬರಬೇಕು? ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಇದೆ, ನಿಜ. ಅದು ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ್ದು, ಚಿಪ್ಪಲ್ಲ. ಕೆರೆ ಹೂಳೆತ್ತುವಾಗ ಸಿಗುವ ಬಿಳಿ ಚಿಪ್ಪುಗಳು ಆ ಕೆರೆಯಲ್ಲೇ ಬದುಕಿದ್ದ ಬಸವನಹುಳುಗಳದ್ದು. ಕಲ್ಲಲ್ಲಿ ಎಲೆಯಂತೆ ಕಾಣುವ ಕಪ್ಪು ಗೆರೆ ಸಾಮಾನ್ಯವಾಗಿ ಮ್ಯಾಂಗನೀಸ್ ಕಲೆ.

ಹಾಗಾದರೆ ನಿಮ್ಮ ಕೈಯಲ್ಲಿರುವ ಕಲ್ಲುಚಿಪ್ಪು ಎಲ್ಲಿಯದು? ಹೊರಗಿನಿಂದ ಬಂದಿದ್ದು. ತಮಿಳುನಾಡಿನ ಅರಿಯಲೂರಿನಿಂದ ಯಾರೋ ತಂದಿರಬಹುದು. ಮೇಳದಲ್ಲಿ ಕೊಂಡ ಮಡಗಾಸ್ಕರ್ ಅಮೊನೈಟ್, ಅಂದರೆ ಈಗ ಅಳಿದುಹೋಗಿರುವ ಸಮುದ್ರಜೀವಿಯ ಸುರುಳಿ ಚಿಪ್ಪು, ಇರಬಹುದು. ಅಜ್ಜನ ದೇವರಕೋಣೆಯ ಸಾಲಿಗ್ರಾಮವಾದರೆ ನೇಪಾಳದ ಗಂಡಕಿ ನದಿಯದು, ಅದೂ ಅಮೊನೈಟೇ.

ಊರಿಗೆ ಯಾಕಿಷ್ಟು ಬೆಲೆ ಅಂತೀರಾ? ಅರಿಯಲೂರು ಕಡೆಯ ಕಲ್ಲಿನ ಪದರಗಳಿಗೆ ಉತ್ತತ್ತೂರು, ತಿರುಚಿ, ಅರಿಯಲೂರು ಅಂತ ಊರಿನ ಹೆಸರನ್ನೇ ಇಟ್ಟಿದ್ದಾರೆ. ಉತ್ತತ್ತೂರಿನದು ಹಳೆಯದು, ಅರಿಯಲೂರಿನದು ಹೊಸದು, ನಡುವೆ ಕೋಟಿಗಟ್ಟಲೆ ವರ್ಷ. ನೋಡಲು ಒಂದೇ ಥರ ಇರುವ ಎರಡು ಚಿಪ್ಪು ಬೇರೆ ಬೇರೆ ಕಾಲದವಾಗಿರಬಹುದು. ಫೋಟೋ ನೋಡಿ ಅದು ತಿಳಿಯಲ್ಲ.

ಇನ್ನೊಂದು ತೊಂದರೆ. ಎಷ್ಟೋ ಸಲ ಸಿಗುವುದು ಚಿಪ್ಪೇ ಅಲ್ಲ. ಒಳಗೆ ತುಂಬಿದ ಕೆಸರು ಕಲ್ಲಾಗಿ ಉಳಿದು, ಮೇಲಿನ ಚಿಪ್ಪು ಕರಗಿಹೋಗಿರುತ್ತದೆ. ಜಾತಿ ಗುರುತಿಸಲು ಬೇಕಾದ ಗೀರು, ಗಂಟುಗಳು ಹೆಚ್ಚಾಗಿ ಅದರ ಜೊತೆಗೇ ಹೋಗಿರುತ್ತವೆ. ಮೊಬೈಲ್ ಆ್ಯಪ್ ಅದಕ್ಕೆ ಇವತ್ತಿನ ಸಮುದ್ರದ ಯಾವುದೋ ಚಿಪ್ಪಿನ ಹೆಸರು ಹಚ್ಚುತ್ತದೆ. ನಗಬೇಕೋ ಅಳಬೇಕೋ!

ಚಿಪ್ಪು ಯಾವ ಬಗೆಯ ಪ್ರಾಣಿಯದು ಅಂತ ಹೇಳುವುದು ಮಾತ್ರ ಕಷ್ಟವಲ್ಲ, ಮಜಾ ಇರುವುದೂ ಅಲ್ಲೇ. ಎರಡು ಹೋಳೂ ಒಂದಕ್ಕೊಂದು ಕನ್ನಡಿಯಂತಿದ್ದು, ಒಂದೊಂದು ಹೋಳೂ ಓರೆಯಾಗಿದ್ದರೆ ಸಾಮಾನ್ಯವಾಗಿ ಕಪ್ಪೆಚಿಪ್ಪಿನ ಬಳಗ. ಮೇಲಿನದು ಕೆಳಗಿನದು ಬೇರೆ ಬೇರೆಯಾಗಿದ್ದು, ಪ್ರತಿ ಹೋಳಿನ ಎಡ ಬಲ ಸಮ ಇದ್ದರೆ ಬ್ರಾಕಿಯೊಪಾಡ್ ಅನ್ನುವ ಬೇರೆಯೇ ಬಳಗದ ಸಮುದ್ರಪ್ರಾಣಿ. ಆದರೆ ಕಪ್ಪೆಚಿಪ್ಪಿನ ಬಳಗದವೇ ಆದ ಸಿಂಪಿಗಳು ಈ ನಿಯಮ ಮುರಿಯುತ್ತವೆ, ಹುಷಾರು. ಬಸವನಹುಳುವಿನ ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆಗೆ ಹಿಡಿಯಿರಿ. ಹೆಚ್ಚಿನವಕ್ಕೆ ಬಾಯಿ ಬಲಕ್ಕಿರುತ್ತದೆ. ದಖ್ಖನ್ ಲಾವಾ ಪದರಗಳ ನಡುವೆ ಸಿಗುವ ಫೈಸಾ ಅನ್ನುವ ಬಸವನಹುಳುವಿಗೆ ಎಡಕ್ಕೆ. ನನಗೆ ಅದು ಬಲು ಇಷ್ಟ.

ಅಲ್ಲಿಗೆ ನಿಲ್ಲಿಸಿ. 'ಬಸವನಹುಳು, ಅರಿಯಲೂರು, ಇಂಥ ಊರಿನ ಹಳ್ಳದ ದಂಡೆ' ಅಂತ ಚೀಟಿ ಬರೆದಿಟ್ಟರೆ ಮುಂದೆ ತಿಳಿದವರು ಉಳಿದಿದ್ದನ್ನು ನೋಡಿಕೊಳ್ಳುತ್ತಾರೆ. ನನಗೆ ಕಳಿಸುವಾಗ ಎಲ್ಲ ಮಗ್ಗುಲಿನ ಫೋಟೋ ಕಳಿಸಿ, ಪಕ್ಕದಲ್ಲಿ ಒಂದು ನಾಣ್ಯ ಇಡಿ, ಊರು ಬರೆಯಿರಿ. ಅಂಗಡಿಯಲ್ಲಿ ಕೊಂಡಿದ್ದರೆ 'ಅಂಗಡಿ' ಅಂತಲೇ ಬರೆಯಿರಿ. ಬೈಯಲ್ಲ.