ಮಲೆನಾಡಿನ ಕೆಸರಿಗೆ ಎಂಥ ಸೈಕಲ್?

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಆರಿದ್ರಾ ಮಳೆ ಹಿಡಿದಾಗ ನಮ್ಮಕ್ಕನ ಮಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಸೈಕಲ್ ತಂದ. ತುಳಿದುಕೊಂಡು ಬರಲಿಲ್ಲ, ಹೆಗಲ ಮೇಲೆ ಹೊತ್ತುಕೊಂಡು ಬಂದ. ಸೈಕಲ್ ಹೊಸದು. ಕುಲುಕಾಟ ತಡೆಯೋಕೆ ಮುಂದೊಂದು ಶಾಕ್ ಅಬ್ಸಾರ್ಬರ್, ಸೀಟಿನ ಕೆಳಗೊಂದು ಶಾಕ್, 21 ಗೇರು, ಟೈರಿಗೆ ದಪ್ಪ ದಪ್ಪ ಬಟನ್ನು. ನೋಡೋಕೆ ಬುಲೆಟ್ ಬೈಕಿನ ತಮ್ಮನ ಹಾಗಿತ್ತು.

"ಮಾವ, ಚಕ್ರಾನೇ ತಿರುಗ್ತಿಲ್ಲ" ಅಂದ.

ಬಗ್ಗಿ ನೋಡಿದೆ. ಬ್ರೇಕಿಗೂ ಟೈರಿಗೂ ನಡುವೆ ಕೆಂಪು ಮಣ್ಣು, ಕೊಳೆತ ತರಗೆಲೆ ಎಲ್ಲ ಸೇರಿ ಗಾರೆ ಮೆತ್ತಿದಂತೆ ಗಟ್ಟಿಯಾಗಿತ್ತು. ಅಡಿಕೆ ದಬ್ಬೆಯ ಒಂದು ಚೂರು ತಗೊಂಡು ಕೆರೆದೆ. ಅಂಗೈ ತುಂಬ ಮಣ್ಣು ಬಂತು, ಅದರ ಜೊತೆಗೊಂದು ಉಂಬಳ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಂಥ ಊರಲ್ಲಿ ಮೌಂಟನ್ ಬೈಕ್, ಅಂದರೆ ಗುಡ್ಡದ ಮಣ್ಣುದಾರಿಗೆಂದು ಮಾಡಿದ ಇಂಥ ಸೈಕಲ್, ಕೊಳ್ಳುವವರು ಶೋರೂಮಿನ ಟೈಲ್ಸ್ ಮೇಲೆ ನಿಲ್ಲಿಸಿದ್ದನ್ನು ನೋಡಿ ಮರುಳಾಗುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಮರುಳಾದವನು ಅನ್ನಿ.

ಈ ಸೈಕಲ್ಲಿನ ಹುಟ್ಟೂರು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿನ ಮರಿನ್ ಕೌಂಟಿಯ ಗುಡ್ಡಗಳಲ್ಲಿ ಹುಡುಗರು ಹಳೇ ದಪ್ಪ ಟೈರಿನ ಸೈಕಲ್ ಹಿಡಿದು ಮಣ್ಣುದಾರಿಯಲ್ಲಿ ಇಳಿಯುತ್ತಿದ್ದರು. 1976ರಲ್ಲಿ ಅದನ್ನೇ ಪಂದ್ಯ ಮಾಡಿದರು. ಪೆಡ್ಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಬ್ರೇಕು ಅವು. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆ ಬರುತ್ತಿತ್ತು. ಪ್ರತಿ ಸಲ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಅದಕ್ಕೇ ಆ ದಾರಿಗೆ ರೀಪ್ಯಾಕ್ ಅಂತ ಹೆಸರು ಬಿತ್ತು. ಮರುವರ್ಷವೇ ಜೋ ಬ್ರೀಜ್ ಎನ್ನುವವರು ಇಂಥ ದಾರಿಗೆಂದೇ ಹೊಸ ಫ್ರೇಮ್ ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಈ ಆಟ ಅಲ್ಲಿಗೂ ಹೋಯಿತು.

ಈಗ ಇದರಲ್ಲಿ ಜಾತಿಗಳು ಬಹಳ. ಶಾಕ್ ಎಷ್ಟು ಒಳಗೆ ಕುಸಿಯುತ್ತದೆ ಅನ್ನುವುದನ್ನು ಟ್ರಾವೆಲ್ ಅಂತಾರೆ, ಜಾತಿ ತಿಳಿಯೋಕೆ ಅದೇ ಸುಲಭದ ಗುರುತು. 100ರಿಂದ 120 ಮಿಲಿಮೀಟರ್ ಇದ್ದರೆ ಕ್ರಾಸ್ ಕಂಟ್ರಿ. ಹಗುರ, ಏರು ಹತ್ತೋಕೆ ಹೇಳಿಮಾಡಿಸಿದ್ದು. 120ರಿಂದ 150ರವರೆಗೆ ಟ್ರೇಲ್, ಏರಿಗೂ ಸರಿ ಇಳಿಜಾರಿಗೂ ಸರಿ. ಅದರ ಮೇಲೆ 180ರ ಆಸುಪಾಸಿನವರೆಗೆ ಎಂಡ್ಯೂರೊ, ಒರಟು ಇಳಿಜಾರಿನದ್ದು. ಸುಮಾರು 200 ಇದ್ದರೆ ಡೌನ್‌ಹಿಲ್, ಅದು ಇಳಿಯೋಕೆ ಮಾತ್ರ. ಮೇಲಕ್ಕೆ ಜೀಪಿನಲ್ಲೋ ರೋಪ್‌ವೇಯಲ್ಲೋ ಒಯ್ಯುತ್ತಾರೆ. ಹಿಂದೆ ಶಾಕ್ ಇಲ್ಲದೆ ಮುಂದೆ ಮಾತ್ರ ಇದ್ದರೆ ಹಾರ್ಡ್‌ಟೇಲ್. ನಮ್ಮ ಬ್ಯಾಣದ ಕಾಲುದಾರಿ, ತೋಟದ ರಸ್ತೆ, ಗಾಜನೂರು ಕಡೆಯ ಮಣ್ಣುದಾರಿಗೆ ಹಾರ್ಡ್‌ಟೇಲ್ ಸಾಕೋ ಸಾಕು. ಹಾಗಂತ ಶೆಟ್ಟಿಹಳ್ಳಿ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗಬೇಡಿ. ಅಲ್ಲಿ ಆನೆಗೆ ನಿಮ್ಮ ಟ್ರಾವೆಲ್ ಎಷ್ಟು ಅನ್ನೋದು ಬೇಕಾಗಿಲ್ಲ.

ಕಮ್ಮಿ ದುಡ್ಡಿನ ಎರಡು ಶಾಕಿನ ಸೈಕಲ್ ಮಾತ್ರ ಬೇಡವೇ ಬೇಡ. ಒಳ್ಳೇ ಶಾಕಿನಲ್ಲಿ ಗಾಳಿಯೋ ಸ್ಪ್ರಿಂಗೋ ಇರುತ್ತದೆ, ಅದರ ಜಿಗಿತ ಹಿಡಿದು ನಿಲ್ಲಿಸೋಕೆ ಎಣ್ಣೆಯೂ ಇರುತ್ತದೆ. ಅಗ್ಗದ್ದರಲ್ಲಿ ಬರೀ ಸ್ಪ್ರಿಂಗು. ಏರಿನಲ್ಲಿ ನೀವು ತುಳಿದ ಶಕ್ತಿಯಲ್ಲಿ ಒಂದಷ್ಟನ್ನು ಅದೇ ನುಂಗಿ ಕುಪ್ಪಳಿಸುತ್ತದೆ. ಭಾರ ಬೇರೆ.

ಚಕ್ರದ ವಿಷಯಕ್ಕೆ ಬಂದರೆ ನನ್ನದೇ ಒಂದು ಪಜೀತಿ ಹೇಳಬೇಕು. ಮೌಂಟನ್ ಬೈಕಿಗೆ ಮೊದಲು 26 ಇಂಚಿನ ಚಕ್ರ ಇತ್ತು. ಆಮೇಲೆ 29 ಬಂತು, ನಡುವೆ 27.5. ನನ್ನದು 29. ಒಂದು ಸಲ ಟೈರು ಹರಿಯಿತು. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. "29 ಇಲ್ಲ ಸಾರ್, 28 ಹಾಕ್ಕೊಳ್ಳಿ. ಒಂದಿಂಚು ತಾನೆ, ಎಳೆದರೆ ಕೂರುತ್ತೆ" ಅಂದರು. ಮನೆಗೆ ತಂದು ರಿಮ್ಮಿಗೆ ಹಾಕಿದೆ. ಎಳೆಯೋದೆಲ್ಲಿ ಬಂತು? ಅಜ್ಜನ ಕೋಟು ಮೊಮ್ಮಗನಿಗೆ ಹಾಕಿದಂತೆ ಜೋಲಾಡಿತು! ಹಾಲು ಹಾಕೋಕೆ ಹೋಗುವವರ ಹಳೇ 28 ಇಂಚಿನ ಸೈಕಲ್ ಇದೆಯಲ್ಲ, ಅದರ ಟೈರು ಕೂರುವ ಜಾಗದ ಅಡ್ಡಳತೆ 635 ಮಿಲಿಮೀಟರ್. ನನ್ನ 29ರದ್ದು 622. ಹೆಸರಲ್ಲಿ ಚಿಕ್ಕದು, ಅಳತೆಯಲ್ಲಿ ದೊಡ್ಡದು.

ಅವತ್ತಿನಿಂದ ನಾನು ಇಂಚಿನ ಮಾತು ನಂಬುವುದಿಲ್ಲ. ಟೈರಿನ ಪಕ್ಕದಲ್ಲಿ 54-622 ಅಂತ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ. 26ಕ್ಕೆ 559, 27.5ಕ್ಕೆ 584. ಈ 27.5 ಹೆಸರಿಗೆ ಸರಿಯಾಗಿ ನಡುವೆ ಇದ್ದರೂ 26ಕ್ಕಿಂತ ದೊಡ್ಡದಿರುವುದು ಬರೀ 25 ಮಿಲಿಮೀಟರ್. ಹೊಸದೂ ಅಲ್ಲ, ಫ್ರಾನ್ಸಿನ ಹಳೇ ಸೈಕಲ್‌ಗಳಲ್ಲಿದ್ದ 650ಬಿ ಅನ್ನುವ ಅಳತೆಯೇ ಇದು.

ದೊಡ್ಡ ಚಕ್ರ ಯಾಕೆ ಬೇಕು ಅಂತ ಎತ್ತಿನ ಗಾಡಿ ಕಂಡವರಿಗೆ ಹೇಳಬೇಕಾಗಿಲ್ಲ. ಗುಂಡಿಯೊಳಗೆ ಇಳಿಯುವುದು ಕಮ್ಮಿ, ಬೇರು ಅಡ್ಡ ಬಂದರೆ ಸಲೀಸಾಗಿ ಹತ್ತಿ ದಾಟುತ್ತದೆ. ಸಣ್ಣ ಚಕ್ರ ತಿರುವಿನಲ್ಲಿ ಚುರುಕು. ಎರಡೂ ಬೇಕು ಅನ್ನುವವರು ಮುಂದೆ 29, ಹಿಂದೆ 27.5 ಹಾಕಿ ಅದಕ್ಕೆ ಮಲೆಟ್ ಅಂತ ಹೆಸರಿಟ್ಟಿದ್ದಾರೆ. 2019ರಲ್ಲಿ ಪಂದ್ಯಗಳಲ್ಲೂ ಅದಕ್ಕೆ ಒಪ್ಪಿಗೆ ಸಿಕ್ಕಿತು. ಈಗ 32 ಇಂಚಿನ ಮಾತೂ ಶುರುವಾಗಿದೆ. ನಮಗೆ 29ರ ಟೈರು ಸಿಕ್ಕರೆ ಸಾಕಾಗಿದೆ!

ಹೊಸ ಬಿಡಿಭಾಗಗಳಲ್ಲಿ ನನಗೆ ಬಹಳ ಹಿಡಿಸಿದ್ದು ಮುಂದಿನ ಮೂರು ಹಲ್ಲುಚಕ್ರ ಹೋಗಿ ಒಂದೇ ಉಳಿದದ್ದು. 21 ಗೇರು ಅಂದರೆ ಮುಂದೆ 3, ಹಿಂದೆ 7. ಆದರೆ ಅದರಲ್ಲಿ ಎಷ್ಟೋ ಗೇರು ಒಂದೇ ಲೆಕ್ಕಕ್ಕೆ ಬರುತ್ತವೆ. ಸ್ರ್ಯಾಮ್ ಕಂಪನಿ 2012ರಲ್ಲಿ ಮುಂದೆ ಒಂದು, ಹಿಂದೆ 11 ಇರುವುದನ್ನು ತಂದಿತು. 2016ಕ್ಕೆ ಹಿಂದೆ 12 ಆಯಿತು. 2020ರಲ್ಲಿ ಶಿಮಾನೊ ಕಂಪನಿ ತನ್ನ ಡಿಯೋರ್ ಎಂಬ ಗೇರಿನ ಸಾಲಿಗೂ 12 ತಂದ ಮೇಲೆ ಅದು ಸ್ವಲ್ಪ ಕೈಗೆಟುಕಿತು. ಮುಂದೆ 32 ಹಲ್ಲು, ಹಿಂದೆ 51 ಹಲ್ಲು ಅಂತಿಟ್ಟುಕೊಳ್ಳಿ. ಪೆಡ್ಲು ಒಂದು ಸುತ್ತು ತಿರುಗಿದರೆ ಸೈಕಲ್ ಹೋಗುವುದು ಹತ್ತಿರ ಹತ್ತಿರ ಒಂದೂವರೆ ಮೀಟರ್ ಅಷ್ಟೆ. ನಿಧಾನ ನಿಜ, ಆದರೆ ಎಷ್ಟೋ ಏರಿನಲ್ಲಿ ಇಳಿದು ತಳ್ಳಬೇಕಾಗಿಲ್ಲ. ಡಿರೇಲರ್ ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ, ಕೆಸರು ಸಿಕ್ಕಿಕೊಳ್ಳೋಕೆ ಮುಂದೆ ಅದೂ ಇಲ್ಲ.

ಹಿಂದಿನ ಡಿರೇಲರ್ ನೇತಾಡುವುದು ಹ್ಯಾಂಗರ್ ಅನ್ನುವ ಪುಟ್ಟ ಅಲ್ಯೂಮಿನಿಯಂ ತುಂಡಿಗೆ. ಕಲ್ಲಿಗೆ ತಾಗಿದರೆ ಅದು ಬಾಗುತ್ತದೆ. ಫ್ರೇಮ್ ಉಳಿಯಲಿ ಅಂತಲೇ ಹಾಗೆ ಮಾಡಿರುತ್ತಾರೆ. ಕಷ್ಟ ಏನಂದರೆ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. 2019ರಲ್ಲಿ ಸ್ರ್ಯಾಮ್‌ನವರು ಯಾವ ಕಂಪನಿಯ ಫ್ರೇಮಿಗೂ ಹೊಂದಬಹುದಾದ ಒಂದು ನಮೂನೆ ತಂದರು, ಈಗ ಅನೇಕ ಕಂಪನಿಗಳು ಅದನ್ನೇ ಬಳಸುತ್ತಿವೆ. ಅದೇ ವರ್ಷ ಬಂದ ವೈರೇ ಇಲ್ಲದ ಬ್ಯಾಟರಿ ಗೇರಿಗಿಂತ ನನಗೆ ಈ ತುಂಡೇ ಹೆಚ್ಚು. ಕರೆಂಟು ಹೋದರೆ ಎರಡು ದಿನ ಬಾರದ ಊರು ನಮ್ಮದು, ಗೇರಿಗೂ ಚಾರ್ಜ್ ಮಾಡ್ತಾ ಕೂರೋದಾ?

ಟ್ಯೂಬ್ ಇಲ್ಲದ ಟೈರು ನಮಗೆ ಒಗ್ಗುವಂಥದ್ದು. ಒಳಗೆ ಸೀಲೆಂಟ್ ಅಂತ ಹಾಲಿನಂಥ ದ್ರವ ಹಾಕುತ್ತಾರೆ. ಬಹುಪಾಲು ಅದರಲ್ಲಿರುವುದು ರಬ್ಬರ್ ಹಾಲೇ, ನಮ್ಮ ಕಡೆ ತೋಟಗಳಲ್ಲಿ ಚಿಪ್ಪು ಕಟ್ಟಿ ಇಳಿಸುತ್ತಾರಲ್ಲ, ಅದು. ಬಿದಿರು ಮುಳ್ಳು ಚುಚ್ಚಿದರೆ ಹಾಲು ಅಲ್ಲಿಗೆ ನುಗ್ಗಿ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಕೆಲವು ತಿಂಗಳಿಗೆ ಒಣಗುತ್ತದೆ, ಆಗ ಮತ್ತೆ ತುಂಬಬೇಕು.

ಬ್ರೇಕಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ರಿಮ್ಮನ್ನೇ ಒತ್ತಿ ಹಿಡಿಯುವ ಬ್ರೇಕಿಗೆ ಜಂಬಿಟ್ಟಿಗೆ ಮಣ್ಣಿನ ಹರಳು ಮೆತ್ತಿದರೆ ಉಪ್ಪುಕಾಗದದಲ್ಲಿ ತಿಕ್ಕಿದಂತೆ ರಿಮ್ಮು ಸವೆಯುತ್ತದೆ. ಒದ್ದೆಯಾದರೆ ಬೇಗ ನಿಲ್ಲುವುದೂ ಇಲ್ಲ. ಡಿಸ್ಕ್ ಬ್ರೇಕು ಒತ್ತಿ ಹಿಡಿಯುವ ತಟ್ಟೆ ಇರುವುದು ಹಬ್ಬಿನ ಹತ್ತಿರ, ಕೆಸರಿನಿಂದ ಮೇಲೆ. ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ಆದರೆ ಒಂದು ಬೆರಳು ಸಾಕು.

ನಮ್ಮ ಹುಡುಗ ದೀಪಾವಳಿಗೆ ಬೇರೆ ಸೈಕಲ್ ತಗೊಂಡ. ಹಾರ್ಡ್‌ಟೇಲ್, 29ರ ಚಕ್ರ, ಮುಂದೊಂದೇ ಹಲ್ಲುಚಕ್ರ, ಹೈಡ್ರಾಲಿಕ್ ಡಿಸ್ಕ್. ಹಳೇದನ್ನು ಕೊಟ್ಟಿಗೆಯ ಗಳಕ್ಕೆ ನೇತು ಹಾಕಿದ್ದೇವೆ. ಅದರ ಮುಂದಿನ ಶಾಕ್ ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ. ಮೊನ್ನೆ ಸೊಪ್ಪು ತರೋಕೆ ಹೋದ ನಮ್ಮಾಕೆ, ಅದರ ಸೀಟಿನ ಮೇಲೆ ಕೋಳಿ ಕೂತಿದೆ ಅಂತ ಕರೆದು ತೋರಿಸಿದಳು.

ನಮಸ್ಕಾರ.