ಎಂಆರ್‌ಐಗೆ ಮುಂಚೆ ಕಾಲು ನೋಡಿ

ಎಲ್ಲರಿಗೂ ನಮಸ್ಕಾರ. ಮೂಳೆ ವಿಭಾಗಕ್ಕೆ ಹೊಸದಾಗಿ ಸೇರಿದ ಪಿಜಿಗಳು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಇವತ್ತಿನ ಮಾತು ಮುಖ್ಯವಾಗಿ ನಿಮಗೇ.

ಬೆನ್ನುನೋವಿನ ರೋಗಿ ಒಳಗೆ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಏನು ಹೇಳಿ? ಕೈ ಚಾಚಿ ಎಂಆರ್‌ಐ ಫಿಲಂ ಇಸಕೊಳ್ಳುವುದು. ಬೆಳಕಿಗೆ ಹಿಡಿದು ‘ಡಿಸ್ಕ್ ಉಬ್ಬಿದೆ, ನರ ಒತ್ತುತ್ತಿದೆ’ ಅಂದುಬಿಡುತ್ತೇವೆ. ರೋಗಿ ಇನ್ನೂ ಕುರ್ಚಿಯಲ್ಲಿ ಕೂತಿರುವುದೇ ಇಲ್ಲ!

1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಿಟ್ಟುಕೊಳ್ಳಿ. ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಶೇ 52ರಷ್ಟು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಶೇ 27ರಷ್ಟು ಜನರಲ್ಲಿ ಅದು ಹೊರಕ್ಕೆ ಚಾಚಿಕೊಂಡಿತ್ತು. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು. ಅಂದರೆ ಫಿಲಂನಲ್ಲಿ ಕಂಡದ್ದೇ ನೋವಿಗೆ ಕಾರಣ ಅಂತ ಸುಮ್ನೆ ನಂಬುವಂತಿಲ್ಲ. ಕಾಲು ಏನು ಹೇಳುತ್ತದೋ ಅದಕ್ಕೆ ಫಿಲಂ ತಾಳೆಯಾಗಬೇಕು.

ಕಾಲು ಹೇಳುವುದನ್ನು ಕೇಳುವುದು ಹೇಗೆ? ಎಲ್4 ಮತ್ತು ಎಲ್5, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್ ಸಾಮಾನ್ಯವಾಗಿ ಜಾರುವ ಕಡೆಗೇ ಜಾರಿದರೆ ಒತ್ತುವುದು ಎಲ್5 ನರವನ್ನು. ತೀರಾ ಪಕ್ಕಕ್ಕೆ ಜಾರಿದರೆ ಅದೇ ಡಿಸ್ಕ್ ಎಲ್4 ನರವನ್ನು ಹಿಡಿಯುತ್ತದೆ. ಎಲ್5 ಆದರೆ ಹೆಬ್ಬೆರಳನ್ನು ಮೇಲಕ್ಕೆ ಎತ್ತುವ ಶಕ್ತಿ ಕಡಿಮೆಯಾಗುತ್ತದೆ, ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಅದರ ಕೆಳಗಿನ ಎಸ್1 ನರ ಆದರೆ ತುದಿಗಾಲಲ್ಲಿ ನಡೆಯಲು ಕಷ್ಟ, ಹಿಮ್ಮಡಿಯ ರಿಫ್ಲೆಕ್ಸ್ ಮಂಕಾಗುತ್ತದೆ.

ಪಾದ ಜೋತುಬಿದ್ದ ರೋಗಿ ಬಂದಾಗ ಇನ್ನೊಂದು ಪರೀಕ್ಷೆ ಬಿಡಬೇಡಿ. ಪಾದವನ್ನು ಒಳಮುಖವಾಗಿ ತಿರುಗಿಸಲು ಹೇಳಿ, ನಿಮ್ಮ ಕೈಯಿಂದ ತಡೆಯಿರಿ. ಆಮೇಲೆ ಪಕ್ಕಕ್ಕೆ ಮಲಗಿಸಿ, ಇಡೀ ಕಾಲನ್ನು ಮೇಲಕ್ಕೆ ಎತ್ತಿಸಿ. ಎರಡೂ ಬಲವಾಗಿದ್ದರೆ ತೊಂದರೆ ಬೆನ್ನಿನಲ್ಲಿ ಇರದೆ ಮಂಡಿಯ ಪಕ್ಕದಲ್ಲಿ, ಪೆರೋನಿಯಲ್ ನರದಲ್ಲಿ ಇರಬಹುದು. ಎರಡು ನಿಮಿಷವೂ ಬೇಡ ಇದಕ್ಕೆ. ಇದನ್ನು ಮಾಡದೆ ಬೆನ್ನಿಗೆ ಕೈ ಹಾಕಿದರೆ?

ಕಾಲು ನೇರ ಎತ್ತುವ ಪರೀಕ್ಷೆಯನ್ನೂ ನಾವು ಕಾಟಾಚಾರಕ್ಕೆ ಮಾಡುತ್ತೇವೆ. ತೊಡೆಯ ಹಿಂಭಾಗ ಬಿಗಿದರೆ ಅದು ಸ್ನಾಯುವಿನ ಬಿಗಿತ. 30ರಿಂದ 70 ಡಿಗ್ರಿಯೊಳಗೆ ಮಂಡಿಯ ಕೆಳಕ್ಕೂ ಚಳುಕು ಇಳಿದರೆ ಅದು ನರದ ಮಾತು. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿರುವ ಕಾಲು ಹಿಡಿದುಕೊಂಡರಂತೂ ಡಿಸ್ಕ್ ಜಾರಿರುವ ಸಾಧ್ಯತೆ ಜಾಸ್ತಿ. ವಯಸ್ಸಾದವರು ನಡೆದಾಗ ಕಾಲು ಸೋಲುತ್ತದೆ, ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಹಗುರಾಗುತ್ತದೆ ಅಂದರೆ ನರದ ಹಾದಿ ಕಿರಿದಾಗಿದೆಯಾ ಅಂತ ಯೋಚಿಸಿ. ಪಾದದ ನಾಡಿಯನ್ನೂ ಮುಟ್ಟಿ ನೋಡಿ, ರಕ್ತನಾಳ ಕಟ್ಟಿದ್ದರೂ ನಡೆಯುವಾಗ ಕಾಲು ಹಿಡಿಯುತ್ತದೆ.

ಇನ್ನು ನಾಚಿಕೆಯ ವಿಷಯ. ರೋಗಿ ತಾನಾಗಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ‘ಮೂತ್ರ ತುಂಬಿದ್ದು ಗೊತ್ತಾಗುತ್ತಾ? ತೊಳೆದುಕೊಳ್ಳುವಾಗ ಮುಟ್ಟಿದ್ದು ತಿಳಿಯುತ್ತಾ?’ ಹೀಗೇ ನೇರವಾಗಿ ಕೇಳಿ. ಕೂರುವ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿಕೊಂಡಿದೆ ಅಂದರೆ ಅದು ಕಾಡಾ ಇಕ್ವೈನಾ ಇರಬಹುದು. ಬೆನ್ನುಹುರಿ ಎಲ್1-ಎಲ್2 ಹತ್ತಿರ ಮುಗಿಯುತ್ತದೆ, ಅದರ ಕೆಳಗಿನ ನರಗಳ ಗೊಂಚಲೇ ಪೂರ್ತಿ ಅದುಮಿರುತ್ತದೆ. ಮೂತ್ರ ಮಾಡಿಸಿ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಸ್ಕ್ಯಾನ್‌ನಲ್ಲಿ ನೋಡಿ. 200 ಮಿಲಿಲೀಟರ್‌ಗಿಂತ ಜಾಸ್ತಿ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕಡಿಮೆ ಇದ್ದ ಮಾತ್ರಕ್ಕೆ ಕೈಬಿಡಬೇಡಿ. ಎಂಆರ್‌ಐ ಆ ಕ್ಷಣವೇ ಬೇಕು, ನಾಳೆ ಬೆಳಿಗ್ಗೆಗೆ ಅಲ್ಲ.

ಇದೊಂದನ್ನು ಬಿಟ್ಟರೆ, ಮತ್ತೆ ದಿನದಿನಕ್ಕೂ ಶಕ್ತಿ ಕುಗ್ಗುತ್ತಿರುವವರನ್ನು ಬಿಟ್ಟರೆ, ಡಿಸ್ಕ್‌ನಿಂದ ಬಂದ ಸಯಾಟಿಕಾಗೆ, ಅಂದರೆ ಬೆನ್ನಿನಿಂದ ಕಾಲಿಗೆ ಇಳಿಯುವ ನರದ ನೋವಿಗೆ, ಕಾಯುವ ಅವಕಾಶ ಇರುತ್ತದೆ. ಜಾರಿದ ಡಿಸ್ಕ್ ನರ ಒತ್ತಿ ಸಯಾಟಿಕಾ ತರುತ್ತದೆ ಅಂತ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ನಮ್ಮ ತಲೆಗೆ ಮೊದಲು ಹೊಳೆಯುವುದು ಚಾಕು. ಆದರೆ ಜಾರಿದ ತುಣುಕನ್ನು ದೇಹವೇ ಎಷ್ಟೋ ಸಲ ಕರಗಿಸಿಬಿಡುತ್ತದೆ. 2007ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ 283 ರೋಗಿಗಳಿದ್ದರು. ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ಕಾಲುನೋವು ಬೇಗ ಇಳಿಯಿತು. ವರ್ಷ ಕಳೆದಾಗ ಎರಡೂ ಗುಂಪಿನಲ್ಲಿ ಸುಮಾರು ಶೇ 95ರಷ್ಟು ಜನ ಗುಣವಾಗಿದ್ದರು. ಕಾಯುವ ಗುಂಪಿನಲ್ಲೂ ಶೇ 39ರಷ್ಟು ಜನ ಕೊನೆಗೆ ಆಪರೇಷನ್‌ಗೆ ಬಂದರು, ಅದನ್ನೂ ಹೇಳಬೇಕು. ಇಷ್ಟನ್ನೂ ರೋಗಿಯ ಮುಂದಿಡಿ. ನೋವು ತಡೆಯಲಾರದವರು ಬೇಗ ಬೇಕು ಅಂದರೆ ಅದು ತಪ್ಪಲ್ಲ.

ತರಬೇತಿಗೆ ಬರೋಣ. ಡಿಸ್ಕ್ ಆಪರೇಷನ್‌ಗೆ ಸೂಕ್ಷ್ಮದರ್ಶಕ ಬಳಸುವ ಬಗ್ಗೆ 1977ರಲ್ಲೇ ಬರಹಗಳು ಬಂದವು. ಅದರಿಂದ ಗಾಯ ಚಿಕ್ಕದಾಯಿತು, ಪಕ್ಕದಲ್ಲಿ ನಿಂತು ಕಲಿಯುವವರಿಗೆ ಒಳಗಿನದು ಪರದೆಯಲ್ಲಿ ಕಾಣುವಂತಾಯಿತು. ಆದರೆ ಕಂಡದ್ದೆಲ್ಲ ಕೈಗೆ ಬರುವುದಿಲ್ಲ. ಮೂಳೆಯನ್ನು ಚೂರುಚೂರಾಗಿ ಕಚ್ಚಿ ತೆಗೆಯುವ ಕೆರಿಸನ್ ಪಂಚ್ ಹಿಡಿಯುವುದನ್ನೇ ನೋಡಿ. ಅದರ ತುದಿ ಮೂಳೆಗೂ ನರಗಳನ್ನು ಸುತ್ತಿರುವ ಪೊರೆ ಡ್ಯೂರಾಗೂ ನಡುವೆ ಹೋಗುತ್ತದೆ. ಮೊದಲು ಮೊಂಡು ಉಪಕರಣದಿಂದ ಡ್ಯೂರಾ ಅಂಟಿಕೊಂಡಿಲ್ಲ ಅಂತ ಖಚಿತ ಮಾಡಿಕೊಳ್ಳಿ. ತುದಿಯನ್ನು ಮೂಳೆಯ ಕಡೆಗೇ ಒತ್ತಿ ಹಿಡಿದು ಕಚ್ಚಿಸಿ. ಎಳೆಯಬೇಡಿ. ಬಿಡಿಸಿಕೊಂಡು ಬರದಿದ್ದರೆ ಪಂಚ್ ತೆರೆದು ಮತ್ತೆ ನೋಡಿ. ಇದನ್ನೂ, ಹರಿದ ಡ್ಯೂರಾ ಹೊಲಿಯುವುದನ್ನೂ ಮಾದರಿಗಳ ಮೇಲೆ, ಶವದ ಮೇಲೆ ಕಲಿತು ಬನ್ನಿ. ಕೊಯ್ಯುವ ಮುಂಚೆ ಒಮ್ಮೆ, ಮೂಳೆ ಕಂಡಮೇಲೆ ಇನ್ನೊಮ್ಮೆ ಎಕ್ಸ್‌ರೇ ಹಾಕಿ ಜಾಗ ಖಚಿತ ಮಾಡಿಕೊಳ್ಳಿ.

ನನಗೊಂದು ತಕರಾರಿದೆ. ನಿಮ್ಮ ಲಾಗ್‌ಬುಕ್‌ನಲ್ಲಿ ಎಷ್ಟು ಆಪರೇಷನ್ ನೋಡಿದಿರಿ, ಎಷ್ಟು ಮಾಡಿದಿರಿ ಅಂತ ಬರೆಸುತ್ತೇವೆ. ಯಾರನ್ನು ಪರೀಕ್ಷೆ ಮಾಡಿ, ಆಪರೇಷನ್ ಬೇಡ ಅಂತ ಕಳಿಸಿದಿರಿ, ಮೂರು ತಿಂಗಳ ಮೇಲೆ ಅವರು ಹೇಗಿದ್ದಾರೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಈ ಬ್ಯಾಚ್‌ನಿಂದ ಅದನ್ನೂ ಬರೆಯಿರಿ, ನಾನು ಸಹಿ ಹಾಕುತ್ತೇನೆ.

ಕುತ್ತಿಗೆಯ ಬಗ್ಗೆ ಏನೂ ಹೇಳಲಿಲ್ಲ, ಅಲ್ವಾ? ಪ್ರಶ್ನೆಗಳನ್ನು ಅಲ್ಲಿಂದಲೇ ಶುರು ಮಾಡಿ.