ಬ್ರೆಲ್ ಕಣಿವೆಯ ಶೀಸೆಗಳು

ಫ್ರಾನ್ಸಿನ ಉತ್ತರದಲ್ಲಿ, ನಾರ್ಮಂಡಿ ಮತ್ತು ಪಿಕಾರ್ಡಿ ಸೀಮೆಗಳ ನಡುವೆ ಗಡಿಯಂತೆ ಹರಿದು, ಲ ತ್ರೆಪೋರ್ ಎಂಬ ಬಂದರಿನ ಬಳಿ ಕಡಲು ಸೇರುವ ಬ್ರೆಲ್ ನದಿಯ ದಡದಲ್ಲಿ ನಾನೀಗ ನಿಂತಿದ್ದೇನೆ. ದನಗಳು ಮೇಯುವ ಈ ಹಸಿರು ಕಣಿವೆಯನ್ನು ನೋಡಿದವರು, ಜಗತ್ತಿನ ದುಬಾರಿ ಸುಗಂಧದ್ರವ್ಯಗಳ ಶೀಸೆಗಳಲ್ಲಿ ಹೆಚ್ಚಿನ ಪಾಲು ಇಲ್ಲಿಯೇ ತಯಾರಾಗುತ್ತದೆ ಎಂದು ಊಹಿಸಲಾರರು.

ಗಾಜಿನ ಕಸುಬು ಇಲ್ಲಿ ಬೇರೂರಿದ್ದು ಕಾಡಿನ ಕಾರಣದಿಂದ. ಕುಲುಮೆಗೆ ಬೇಕಾದ ಸೌದೆಯನ್ನು ಕಣಿವೆಯ ಮೇಲಿನ ಅರಣ್ಯ ಕೊಟ್ಟಿತು; ಮರಳು ಕಡಲತೀರದಿಂದ ಬಂತು; ಆ ಮರಳನ್ನು ಕಡಿಮೆ ಶಾಖದಲ್ಲೇ ಕರಗಿಸುವ ಕ್ಷಾರ ಜರೀಗಿಡಗಳ ಬೂದಿಯಲ್ಲಿ ಸಿಕ್ಕಿತು. ಕೈಕಸುಬು ಹಿಡಿದ ಕುಲೀನರು ತಮ್ಮ ಅಂತಸ್ತನ್ನೇ ಕಳೆದುಕೊಳ್ಳುತ್ತಿದ್ದ ಆ ಕಾಲದಲ್ಲಿ ಗಾಜು ಊದುವುದಕ್ಕೆ ಮಾತ್ರ ಅವರಿಗೆ ವಿನಾಯಿತಿ ಇತ್ತು. ಇಲ್ಲಿನ ಪೋಶೆ ದ್ಯು ಕುರ್ವಾಲ್ ಕಾರ್ಖಾನೆಯ ಇತಿಹಾಸ 1623ರಷ್ಟು ಹಿಂದಕ್ಕೆ ಹೋಗುತ್ತದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಶೀಸೆಯ ತಳ. ಸಾಮಾನ್ಯ ಬಾಟಲಿಯ ಗೋಡೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ದಪ್ಪವಿದ್ದರೆ ಸಾಕು. ಸುಗಂಧದ ಶೀಸೆಗೆ ಬೆಳಕು ತುಂಬಿ ನಿಲ್ಲುವಂತಹ ದಪ್ಪ ತಳ, ಚೂಪಾದ ಅಂಚು, ಸಣ್ಣ ಕತ್ತು ಬೇಕು. ಸುಮಾರು 1500 ಡಿಗ್ರಿ ಶಾಖದಲ್ಲಿ ಕರಗಿದ ಗಾಜಿನ ಒಂದೊಂದೇ ಮುದ್ದೆಯನ್ನು ಕತ್ತರಿಸಿ, ಮೊದಲ ಅಚ್ಚಿನಲ್ಲಿ ಸ್ಥೂಲ ರೂಪ ಕೊಟ್ಟು, ಎರಡನೆಯ ಅಚ್ಚಿನಲ್ಲಿ ಗಾಳಿ ಊದಿ ಅಂತಿಮ ಆಕಾರಕ್ಕೆ ತರುತ್ತಾರೆ. ತೆಳುವಾದ ಕತ್ತು ಬೇಗ ತಣಿಯುತ್ತದೆ, ದಪ್ಪ ತಳ ಒಳಗೇ ಬಿಸಿಯಾಗಿ ಉಳಿಯುತ್ತದೆ. ಈ ಎಳೆದಾಟದಿಂದ ಗಾಜು ಬಿರಿಯದಿರಲಿ ಎಂದು ಶೀಸೆಗಳನ್ನು ಉದ್ದನೆಯ ಗೂಡಿನೊಳಗೆ ಹಂತಹಂತವಾಗಿ ಆರಿಸುತ್ತಾರೆ. ಸಾಸಿವೆಗಿಂತ ಸಣ್ಣ ಗುಳ್ಳೆಯಿದ್ದರೂ ಅದು ಮತ್ತೆ ಕುಲುಮೆಗೇ ಹೋಗಬಹುದು. ಇಷ್ಟೊಂದು ಕಟ್ಟುನಿಟ್ಟು ನನಗೆ ಅತಿಯೆನಿಸಲಿಲ್ಲ. ಕೊಳ್ಳುವವರು ಪರಿಮಳಕ್ಕಿಂತ ಮೊದಲು ಮುಟ್ಟುವುದು ಗಾಜನ್ನೇ ಅಲ್ಲವೇ?

ಮೂರನೆಯ ನೆಪೋಲಿಯನ್‌ನ ಪತ್ನಿ ಯುಜೆನಿಗಾಗಿ ಗೆರ್ಲಾಂ ಮನೆತನ 1853ರಲ್ಲಿ ಸಿದ್ಧಪಡಿಸಿದ ಸುಗಂಧಕ್ಕೆ ಶೀಸೆ ಮಾಡಿಕೊಟ್ಟವರು ಪೋಶೆಯವರೇ. ಸಾಮ್ರಾಜ್ಯದ ಲಾಂಛನವಾದ ಜೇನುಹುಳು ಅದರ ಮೈಮೇಲೆ 69 ಬಾರಿ ಉಬ್ಬಿ ನಿಂತಿದೆ. ಎದುರಿಗೆ ಕಾಣುವುದು ಸುಗಂಧದ ಮನೆತನದ ಹೆಸರು ಮಾತ್ರ. ಆದರೆ ಹಳೆಯ ಗೆರ್ಲಾಂ ಶೀಸೆಗಳನ್ನು ತಲೆಕೆಳಗಾಗಿಸಿ ನೋಡಿದರೆ, ಅನೇಕವುಗಳ ತಳದಲ್ಲಿ ಎಚ್ ಮತ್ತು ಪಿ ಎಂಬ ಎರಡು ಪುಟ್ಟ ಅಕ್ಷರಗಳು ಸಿಗುತ್ತವೆ. ಅದು ಈ ಕಣಿವೆಯವರ ಗುರುತು.